ಮಹಡಿ ಮನೆಯ ಉನ್ನತ ಕೋನ

ನನಗೆ ಸಂಶಯ ಸ್ವಲ್ಪ ಜಾಸ್ತಿ. ಇದನ್ನು ನನ್ನ ಹೆಂಡತಿ ಸುಧಾ ರೋಗ ಅನ್ನುತ್ತಾಳೆ, ನಾನು ವೃತ್ತಿಧರ್ಮ ಅನ್ನುತ್ತೇನೆ. ಗಣಿತ ಕಲಿಸುವವನು ಯಾವುದನ್ನೂ ಸುಮ್ಮನೆ ಒಪ್ಪಿಕೊಳ್ಳಬಾರದು. ಎರಡು ತ್ರಿಭುಜಗಳು ನೋಡುವುದಕ್ಕೆ ಒಂದೇ ಥರ ಕಾಣುತ್ತವೆ ಎಂದು ಸರ್ವಸಮ ಅಂತ ಬರೆದುಬಿಟ್ಟರೆ ಪರೀಕ್ಷೆಯಲ್ಲಿ ಸೊನ್ನೆ. ಹಾಗಾಗಿ ಹಾಲಿನವನು ನಗುತ್ತಾ ಹಾಲು ಹಾಕಿದರೆ ನಾನು ಪಾತ್ರೆಯೊಳಗೆ ಇಣುಕುತ್ತೇನೆ. ಅಂಗಡಿಯವನು ನಿಮಗೆ ಅಂತ ಕಡಿಮೆ ಹಾಕಿದ್ದೇನೆ ಅಂದರೆ ಪಕ್ಕದ ಅಂಗಡಿಗೆ ಹೋಗಿ ದರ ಕೇಳಿಕೊಂಡು ಬರುತ್ತೇನೆ. ಇಷ್ಟು ಎಚ್ಚರದ ಮನುಷ್ಯನಾದ ನನ್ನಿಂದ ಒಬ್ಬ ಹುಡುಗನ ಮದುವೆ ಮುರಿದು ಬೀಳುವ ಮಟ್ಟಕ್ಕೆ ಬಂತು. ಅದಕ್ಕೆ ಬೇಕಾದ ಸಾಮಗ್ರಿಗಳು: ಒಂದು ಕೋನಮಾಪಕ, ಎಳನೀರು ಕುಡಿಯುವ ಒಂದು ಸ್ಟ್ರಾ, ಒಂದು ಗೇಣು ದಾರ ಮತ್ತು ಒಂದು ಸೈಕಲ್ ನಟ್ಟು.

ಈ ವರ್ಷ ವರ್ಗಾವಣೆಯಾಗಿ ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ಬಂದೆ. ಹಾಲುರಾಮೇಶ್ವರಕ್ಕೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿ ಮರೆತುಬಿಡುವಂಥ ಊರು. ಬಂದ ಹೊಸತರಲ್ಲೇ ಚಿತ್ರದುರ್ಗದಲ್ಲಿ ಗಣಿತ ಶಿಕ್ಷಕರಿಗೆ ತರಬೇತಿ ನಡೆಯಿತು. ತ್ರಿಕೋನಮಿತಿಯನ್ನು ಬೋರ್ಡಿನ ಮೇಲೆ ಕಲಿಸಬೇಡಿ, ಮಾದರಿ ಮಾಡಿಸಿ, ಮಕ್ಕಳ ಕೈಗೆ ಕೊಡಿ ಎಂದರು. ಅಲ್ಲೇ ಕೂತು ಕ್ಲೈನೋಮೀಟರ್ ಮಾಡಿಸಿದರು. ಕೋನಮಾಪಕದ ನೇರ ಅಂಚಿಗೆ ಸ್ಟ್ರಾ ಅಂಟಿಸಿ, ನಡುವಿನ ತೂತಿನಿಂದ ದಾರ ಇಳಿಬಿಟ್ಟು, ದಾರದ ತುದಿಗೆ ನಟ್ಟು ಕಟ್ಟಿದರೆ ಮುಗಿಯಿತು. ಸ್ಟ್ರಾ ಒಳಗಿಂದ ಕಂಬದ ತುದಿ ನೋಡಬೇಕು. ದಾರ ನಿಂತಿರುವ ಅಂಕಿಯನ್ನು ತೊಂಬತ್ತರಿಂದ ಕಳೆದರೆ ಉನ್ನತ ಕೋನ, ಅಂದರೆ ನಮ್ಮ ದೃಷ್ಟಿ ಎಷ್ಟು ಮೇಲಕ್ಕೆ ಹೋಗಿದೆ ಅನ್ನುವ ಲೆಕ್ಕ ಸಿಗುತ್ತದೆ. ಕಂಬ ಎಷ್ಟು ದೂರವಿದೆ ಎಂದು ಟೇಪಿನಲ್ಲಿ ಅಳೆದು, ಅದನ್ನು ಆ ಕೋನದ ಟ್ಯಾನ್‌ನಿಂದ ಗುಣಿಸಿ, ನಮ್ಮ ಕಣ್ಣಿನ ಎತ್ತರ ಕೂಡಿಸಿದರೆ ಕಂಬದ ಎತ್ತರ ಬಂತು. ಕಂಬ ಹತ್ತಬೇಕಿಲ್ಲ, ಏಣಿ ಬೇಕಿಲ್ಲ. ನನಗೆ ರೋಮಾಂಚನವಾಯಿತು. ಇಷ್ಟು ವರ್ಷ ಸೈನ್, ಕಾಸ್, ಟ್ಯಾನ್ ಎಂದು ಬೋರ್ಡಿನ ಮೇಲೆ ಬರೆದು ಎಷ್ಟು ಮಕ್ಕಳನ್ನು ನಿದ್ದೆ ಮಾಡಿಸಿದ್ದೆನೋ ಎಂದು ಬಸ್ಸಿನಲ್ಲಿ ಬರುವಾಗ ನಿಜಕ್ಕೂ ಬೇಸರವಾಯಿತು.

ಮರುದಿನವೇ ಹತ್ತನೇ ತರಗತಿಯವರನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಹೆಡ್ ಮೇಡಂ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಮೈದಾನದಲ್ಲಿ ಗಣಿತ ಕಲಿಸುವವರ ಮೇಲೆ ಅವರಿಗೆ ಅಷ್ಟಾಗಿ ನಂಬಿಕೆಯಿಲ್ಲ. ನಾನು ಗಂಭೀರವಾಗಿ ಧ್ವಜದ ಕಂಬಕ್ಕೆ ಗುರಿಯಿಟ್ಟೆ. ನಮ್ಮ ಕಡೆಯ ಗಾಳಿ ನಿಮಗೆ ಗೊತ್ತಿರಬೇಕು. ಗುಡ್ಡದ ಮೇಲೆಲ್ಲ ಕರೆಂಟು ತೆಗೆಯುವ ಫ್ಯಾನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆ ಗಾಳಿಗೆ ನನ್ನ ನಟ್ಟು ತೊಟ್ಟಿಲಿನ ಹಾಗೆ ತೂಗಿತು. ಅದನ್ನು ಕೈಯಲ್ಲಿ ಹಿಡಿದು ನಿಲ್ಲಿಸುವ ಗಡಿಬಿಡಿಯಲ್ಲಿ, ಅಂಕಿಯನ್ನು ತೊಂಬತ್ತರಿಂದ ಕಳೆಯುವುದನ್ನು ಮರೆತೆ. ಲೆಕ್ಕ ಮಾಡಿ ನೋಡಿದರೆ ಸದರಿ ಕಂಬವು ಊರಿನ ನೀರಿನ ಟ್ಯಾಂಕಿಗಿಂತ ಎತ್ತರ! ಮಕ್ಕಳು ಕಂಬ ನೋಡಿದರು, ಟ್ಯಾಂಕು ನೋಡಿದರು, ನನ್ನನ್ನು ನೋಡಿದರು. ಚಂದನಾ ಎಂಬ ಹುಡುಗಿ ಕೈ ಎತ್ತಿ, ಬಹಳ ವಿನಯದಿಂದ, ಬಾವುಟ ಏರಿಸುವ ಹಗ್ಗಕ್ಕೇ ಟೇಪು ಕಟ್ಟಿ ಮೇಲಕ್ಕೆ ಎಳೆದರೆ ಆಗುವುದಿಲ್ಲವೇ ಸರ್ ಎಂದು ಕೇಳಿದಳು.

ಹೆಡ್ ಮೇಡಂ ಕುರ್ಚಿ ಅಲುಗಾಡುವ ಹಾಗೆ ನಕ್ಕರು. ಆಮೇಲೆ ಆಫೀಸಿಗೆ ಕರೆದು, ಸೋಮವಾರ ಇನ್ನೊಂದು ಸಲ ಮಾಡಿ, ಸರಿ ಬಂದರೆ ಮುಂದುವರಿಸಿ, ಇಲ್ಲದಿದ್ದರೆ ಸೀಮೆಸುಣ್ಣ ಹಿಡಿಯಿರಿ ಎಂದರು. ಈಗ ನನಗೆ ಹಗ್ಗವಿಲ್ಲದ, ಎದುರಿಗೆ ಸಮತಟ್ಟಾದ ಜಾಗವಿರುವ ಎತ್ತರದ ಏನಾದರೊಂದು ಬೇಕಾಗಿತ್ತು. ಊರಿನ ಕೊನೆಯಲ್ಲಿ ಅಂಥದ್ದೊಂದು ಮಹಡಿ ಮನೆ ಇತ್ತು. ಮುಂದೆ ಕಣದ ಹಾಗೆ ಅಗಲವಾದ ಅಂಗಳ. ಮಕ್ಕಳೆದುರು ಮತ್ತೆ ಮರ್ಯಾದೆ ಕಳೆದುಕೊಳ್ಳುವುದು ಬೇಡ, ಮೊದಲು ನಾನೊಬ್ಬನೇ ಹೋಗಿ ಅಳೆದು ಉತ್ತರ ಗಟ್ಟಿ ಮಾಡಿಕೊಂಡು ಬರೋಣ ಎಂದುಕೊಂಡೆ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಯಾರಿಗೂ ಹೇಳದೆ, ಹೆಲ್ಮೆಟ್ಟು ಹಾಕಿಕೊಂಡು ಬೈಕಿನಲ್ಲಿ ಆ ಮನೆಯ ಕಡೆ ಹೊರಟೆ.

ಆ ಮನೆಯವರ ಕಥೆ ನನಗೆ ಆಮೇಲೆ ತಿಳಿದದ್ದು. ನಿಮಗೆ ಈಗಲೇ ಹೇಳಿಬಿಡುತ್ತೇನೆ, ನನ್ನ ಹಾಗೆ ನೀವೂ ಕತ್ತಲಲ್ಲಿ ಇರುವುದು ಬೇಡ. ಅಲ್ಲಿ ಇರುವವರು ಗೌರಮ್ಮ ಮತ್ತು ಅವರ ಒಬ್ಬನೇ ಮಗ ಸೋಮಶೇಖರ. ದಾಳಿಂಬೆ ತೋಟ, ಒಳ್ಳೆಯ ಬೆಳೆ, ಯಾವ ಚಟವೂ ಇಲ್ಲ. ಆದರೂ ಮೂವತ್ತು ದಾಟಿದ ಹುಡುಗನಿಗೆ ಹೆಣ್ಣು ಸಿಕ್ಕಿರಲಿಲ್ಲ. ಹೊಲ ಮಾಡುವ ಗಂಡು ಅಂದರೆ ಈಗ ಹೆಣ್ಣಿನ ಮನೆಯವರು ಫೋಟೋ ಕೂಡ ತಿರುಗಿಸಿ ನೋಡುವುದಿಲ್ಲ. ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ. ಹೆಣ್ಣು ಕೊಡುವ ಮೊದಲು, ಹೆಣ್ಣಿನ ಕಡೆಯವರು ಯಾರನ್ನಾದರೂ ಗುಟ್ಟಾಗಿ ಗಂಡಿನ ಊರಿಗೆ ಕಳಿಸುತ್ತಾರೆ. ಆತ ಬೀಜ ಮಾರುವವನೋ, ಹಸು ಕೊಳ್ಳುವವನೋ ಆಗಿ ಬಂದು, ಕುಡಿಯಲು ನೀರು ಕೇಳಿ, ಮನೆ ನೋಡಿ, ನೆರೆಯವರನ್ನು ವಿಚಾರಿಸಿ ಹೋಗುತ್ತಾನೆ. ಆತ ಹೋಗಿ ಏನು ಹೇಳುತ್ತಾನೋ ಅದೇ ತೀರ್ಮಾನ. ಹಿಂದೊಮ್ಮೆ ಕುಕ್ಕರ್ ಮಾರಿಕೊಂಡು ಬಂದವನನ್ನು ಗೌರಮ್ಮ, ಏನೂ ಬ್ಯಾಡ ಹೋಗಪ್ಪ ಎಂದು ಬಾಗಿಲಿನಿಂದಲೇ ಸಾಗಹಾಕಿದ್ದರಂತೆ. ಆತ ಹುಡುಗಿಯ ಚಿಕ್ಕಪ್ಪ! ಆ ಸಂಬಂಧ ಅಲ್ಲಿಗೇ ಮುರಿಯಿತು. ಅಂದಿನಿಂದ ಗೌರಮ್ಮ ಒಂದು ನಿಯಮ ಮಾಡಿಕೊಂಡಿದ್ದರು. ಮನೆ ಮುಂದೆ ನಿಂತು ತಲೆ ಎತ್ತಿ ನೋಡಿದವರು ಯಾರೇ ಆಗಲಿ, ಒಳಗೆ ಕರೆದು ಊಟ ಹಾಕುವುದು. ಈಗ ಐಮಂಗಲದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ರೂಪಾ, ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತಾಳೆ, ಹೊಲ ಮಾಡುವ ಗಂಡಾದರೂ ಆದೀತು ಎಂದಿದ್ದಾಳೆ. ಈ ವಾರ ಯಾರೋ ನೋಡಲು ಬರುತ್ತಾರೆ ಎಂದು ಸಂಬಂಧ ತಂದವರು ಗುಟ್ಟಾಗಿ ತಿಳಿಸಿದ್ದರು.

ಇಂಥ ಮನೆಯ ಮುಂದೆ, ಇಂಥ ವಾರದಲ್ಲಿ, ಯಾರಿಗೂ ಪರಿಚಯವಿಲ್ಲದ ನಾನು ಹೋಗಿ ನಿಂತು ತಲೆ ಎತ್ತಿ ನೋಡಿದೆ. ಅದೂ ಸ್ಟ್ರಾ ಒಳಗಿಂದ.

ಎರಡು ನಿಮಿಷವೂ ಆಗಿರಲಿಲ್ಲ, ಗೌರಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ಬಂದರು.

"ಬಿಸ್ಲಾಗೆ ಯಾಕ್ ನಿಂತೀರಿ, ಒಳಾಕ್ ಬರ್ರಿ. ಹೊರಗಿಂದ ನೋಡಿದ್ರೆ ಏನ್ ಗೊತ್ತಾಗ್ತೈತೆ?"

ಹೊರಗಿನಿಂದಲೇ ಎಲ್ಲ ಗೊತ್ತಾಗುವುದೇ ಇದರ ವಿಶೇಷ ಎಂದು ನಾನು ಹೆಮ್ಮೆಯಿಂದ ಉತ್ತರಿಸಿದೆ. ಅವರ ಮುಖ ಸ್ವಲ್ಪ ಬಿಳಿಚಿಕೊಂಡಿತು. ನಾನು ಸಮಾಧಾನದಿಂದ, ಇಲ್ಲಿನ ಹೈಸ್ಕೂಲಿಗೆ ಹೊಸದಾಗಿ ಬಂದ ಗಣಿತದ ಮೇಷ್ಟ್ರು, ಮಕ್ಕಳಿಗೆ ಕಲಿಸಲು ಮನೆ ಎತ್ತರ ಬೇಕಿತ್ತು ಎಂದೆ. ಗೌರಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಮುಗುಳ್ನಕ್ಕರು.

"ಆಗ್ಲಿ ಬಿಡ್ರಿ. ಮೇಷ್ಟ್ರು ಅಂತಾನೇ ಇಟ್ಕಳಾಣ."

ಇಟ್ಟುಕೊಳ್ಳುವುದು ಅಂದರೇನು? ಬಿ.ಎಡ್. ಮಾಡಿ, ಪರೀಕ್ಷೆ ಬರೆದು, ಕೌನ್ಸೆಲಿಂಗಿನಲ್ಲಿ ಕಾದು ಸೇರಿದ ನೌಕರಿ ಇದು. ನನಗೆ ಸಂಶಯದ ಮೊದಲ ಎಳೆ ಹುಟ್ಟಿದ್ದು ಅಲ್ಲೇ.

ಎರಡನೆಯ ಎಳೆ ಊಟದ ಎಲೆಯ ಮುಂದೆ ಹುಟ್ಟಿತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಹೋಳಿಗೆ! ಮೇಲೆ ತುಪ್ಪ, ಪಕ್ಕದಲ್ಲಿ ಶಾವಿಗೆ ಪಾಯಸ. ಬೇಡ ಅಂದಷ್ಟೂ ಹಾಕುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಊರು ಯಾವುದು, ನಾನು ಯಾರ ಪೈಕಿ, ಹೆಂಡತಿ ಎಲ್ಲಿಯವಳು ಎಂದು ಒಂದು ಮಾತೂ ಕೇಳಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರೇ ಹೊಸದುರ್ಗ ದಾಟುವುದರೊಳಗೆ ಇಷ್ಟನ್ನೂ ಕೇಳಿ ಮುಗಿಸಿರುತ್ತಾರೆ. ಗುಟ್ಟಾಗಿ ಬಂದವರ ಗುಟ್ಟು ಕೇಳಬಾರದು ಎಂಬ ಮರ್ಯಾದೆ ಅವರದು. ಇದು ನನಗೆ ಹೇಗೆ ಗೊತ್ತಾಗಬೇಕು? ಯಾರೆಂದು ಕೇಳದೆ ಹೋಳಿಗೆ ಹಾಕುವವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ನನ್ನ ತಲೆ ಲೆಕ್ಕ ಹಾಕತೊಡಗಿತು.

ಊಟವಾದ ಮೇಲೆ ಸೋಮಶೇಖರನನ್ನು ಕರೆದು ನನ್ನೆದುರು ನಿಲ್ಲಿಸಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪರೀಕ್ಷೆಗೆ ಓದದೆ ಬಂದವನ ಹಾಗೆ ತಲೆ ತಗ್ಗಿಸಿ ನಿಂತ. ನಾನು ಏನು ಕೇಳಿದರೂ ಹೂಂ ಅಂದ. ಮನೆ ಎಷ್ಟು ವರ್ಷದ್ದು ಅಂದರೂ ಹೂಂ. ಆಮೇಲೆ ಬೋರು, ದನ, ತೋಟ, ಬಚ್ಚಲು, ಹೊಸ ಮಿಕ್ಸಿ, ಎಲ್ಲವನ್ನೂ ತೋರಿಸಿದರು. ಎತ್ತರ ಮಾತ್ರ ಸಾಕು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಗೌರಮ್ಮ ನನ್ನ ಕ್ಲೈನೋಮೀಟರ್ ಕಡೆ ಕೈ ತೋರಿಸಿದರು.

"ಮನೆ ಅಳೆದ್ರಿ. ಅದ್ರಾಗೇ ನಮ್ ಹುಡುಗನ್ನೂ ಒಂದ್ಸಲ ಅಳೆದು ಬಿಡ್ರಿ. ಆಮ್ಯಾಕೆ ಎತ್ರ ಕಮ್ಮಿ ಅಂತ ಮಾತು ಬರಬಾರ್ದು."

ಯಾರ ಬಾಯಿಂದ ಯಾಕೆ ಮಾತು ಬರುತ್ತದೆ ಎಂದು ನನಗೆ ಅರ್ಥವಾಗಲಿಲ್ಲ. ಆದರೆ ಮಾದರಿಯನ್ನು ಪ್ರಯೋಗಿಸುವ ಅವಕಾಶ ಬಿಡುವುದುಂಟೇ? ಹುಡುಗನನ್ನು ಹತ್ತು ಅಡಿ ದೂರ ನಿಲ್ಲಿಸಿ, ಸ್ಟ್ರಾ ಒಳಗಿಂದ ಅವನ ನೆತ್ತಿ ನೋಡಿದೆ. ಕೋನ ಮೂರು ಡಿಗ್ರಿ. ಗುಣಿಸಿದೆ. ಬಂದ ಉತ್ತರವನ್ನು ಗಟ್ಟಿಯಾಗಿ ಓದಿದೆ: ಅರ್ಧ ಅಡಿ.

ಗೌರಮ್ಮ ತಲೆ ಸುತ್ತು ಬಂದವರ ಹಾಗೆ ಗೋಡೆಗೆ ಒರಗಿಕೊಂಡರು. ನಾನು ತಕ್ಷಣ ಸರಿಪಡಿಸಿ, ಅಳೆದವನ ಕಣ್ಣಿನ ಎತ್ತರ ಐದು ಅಡಿ ಇದಕ್ಕೆ ಕೂಡಿಸಬೇಕು, ಒಟ್ಟು ಐದೂವರೆ ಎಂದೆ. ಅವರಿಗೆ ಜೀವ ಬಂತು. ಹೊರಡುವಾಗ ಬೇಡ ಬೇಡ ಅಂದರೂ ಒಂದು ಚೀಲ ದಾಳಿಂಬೆಯನ್ನು ಬೈಕಿಗೆ ಕಟ್ಟಿ, ಹೋಗಿ ಒಳ್ಳೆ ಮಾತು ಹೇಳ್ರಿ ಎಂದರು. ಅದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಅದನ್ನೂ ನಾನು ಸಂಶಯದ ಪಟ್ಟಿಗೇ ಸೇರಿಸಿಕೊಂಡೆ.

ದಾರಿಯಲ್ಲಿ ನನ್ನ ಪ್ರಮೇಯ ಸಿದ್ಧವಾಯಿತು. ಮಹಡಿ ಮನೆ, ತೋಟ, ಮಿಕ್ಸಿ. ಆದರೂ ಅಳತೆ ಮಾಡುವವನನ್ನು ಕಂಡರೆ ಭಯ. ಅಂದರೆ ಇವರ ಹತ್ತಿರ ಬಿಪಿಎಲ್ ಕಾರ್ಡು ಇದೆ! ನನ್ನನ್ನು ಕಾರ್ಡು ತಪಾಸಣೆಗೆ ಬಂದ ಅಧಿಕಾರಿ ಎಂದುಕೊಂಡು ಹೋಳಿಗೆಯಲ್ಲಿ ಬಾಯಿ ಮುಚ್ಚಿಸಿದ್ದಾರೆ. ನನಗೆ ನನ್ನ ಬುದ್ಧಿಯ ಮೇಲೆ ಅಭಿಮಾನ ಉಕ್ಕಿ ಬಂತು.

ಆ ಅಭಿಮಾನದಲ್ಲೇ ಬಸ್ ಸ್ಟಾಪಿನ ಹೋಟೆಲಿನ ಮುಂದೆ ಬೈಕು ನಿಲ್ಲಿಸಿ ಟೀ ಹೇಳಿದೆ. ಬೆಂಚಿನ ಮೇಲೆ ಬಿಳಿ ಅಂಗಿ, ಕಂಕುಳಲ್ಲಿ ಕೊಡೆ ಇದ್ದ ಒಬ್ಬ ಹಿರಿಯರು ಕೂತಿದ್ದರು. ಬೈಕಿಗೆ ಕಟ್ಟಿದ ದಾಳಿಂಬೆ ನೋಡಿ, ಆ ಮಹಡಿ ಮನೆಯ ತೋಟದ್ದಾ ಎಂದು ಮಾತು ತೆಗೆದರು. ಹೌದು ಅಂದೆ. ಆಮೇಲೆ ಮೆಲ್ಲಗೆ, ಆ ಮನೆಯೋರು ಹೆಂಗೆ ಎಂದು ಕೇಳಿದರು.

ಬುದ್ಧಿಯಿರುವ ಯಾವ ಮನುಷ್ಯನಾದರೂ ಇಲ್ಲಿ, ಈತ ಯಾಕೆ ಕೇಳುತ್ತಿದ್ದಾನೆ ಎಂದು ಸಂಶಯ ಪಡಬೇಕು. ಹಾಲಿನವನನ್ನು ಬಿಡದ ನಾನು, ಅವತ್ತು ಅದೊಂದು ಕಡೆ ಮಾತ್ರ ಸಂಶಯ ಪಡಲಿಲ್ಲ. ಕೇಳುವವರೊಬ್ಬರು ಸಿಕ್ಕರಲ್ಲ ಎಂದು ಬೆಂಚಿನ ಮೇಲೆ ಹತ್ತಿರ ಸರಿದು, ದನಿ ತಗ್ಗಿಸಿ ಶುರು ಮಾಡಿದೆ.

"ನೋಡಿ, ಯಾರು ಏನು ಅಂತ ಕೇಳದೆ ಊಟ ಹಾಕ್ತಾರೆ. ಚೀಲ ತುಂಬ ಹಣ್ಣು ಕಟ್ಟಿ ಕಳಿಸ್ತಾರೆ. ತಪ್ಪು ಮಾಡದವರಿಗೆ ಇಷ್ಟೆಲ್ಲ ಯಾಕೆ ಬೇಕು? ಒಳಗೆ ಏನೋ ಇದೆ."

ಹುಡುಗ ಹೆಂಗೆ ಎಂದು ಅವರು ಕೇಳಿದರು. ಅವನೂ ತಲೆ ಎತ್ತುವುದಿಲ್ಲ, ಏನು ಕೇಳಿದರೂ ಹೂಂ ಅನ್ನುತ್ತಾನೆ, ಬಾಯಿ ಬಿಟ್ಟರೆ ಎಲ್ಲಿ ನಿಜ ಹೊರಗೆ ಬರುತ್ತದೋ ಎಂಬ ಭಯ ಇರಬೇಕು ಎಂದೆ. ಅವರು ಎದ್ದು, ನಿಮ್ಮಿಂದ ಉಪಕಾರವಾಯಿತು ಎಂದು ಕೈಮುಗಿದರು. ನನ್ನ ಚೀಲದಿಂದ ಎರಡು ದಾಳಿಂಬೆ ತೆಗೆದು ಅವರ ಕೈಯಲ್ಲಿಟ್ಟೆ. ಹಿರಿಯೂರು ಬಸ್ಸು ಬಂತು, ಹತ್ತಿಕೊಂಡು ಹೋದರು.

ಮನೆಗೆ ಬಂದು ಸುಧಾಳಿಗೆ ಎಲ್ಲವನ್ನೂ ಸವಿಸ್ತಾರವಾಗಿ ವಿವರಿಸಿದೆ. ಅವಳು ದಾಳಿಂಬೆ ಬಿಡಿಸುತ್ತಾ ಕೇಳಿಸಿಕೊಂಡಳು. ನಾನು ಬಿಪಿಎಲ್ ಕಾರ್ಡಿನ ಸಾಧನೆ ಮುಗಿಸಿದ ಮೇಲೆ ಎರಡೇ ಪ್ರಶ್ನೆ ಕೇಳಿದಳು. ಆ ಹುಡುಗನಿಗೆ ಮದುವೆ ಆಗಿದೆಯಾ? ಆದ ಹಾಗೆ ಕಾಣಲಿಲ್ಲ, ಮನೆಯಲ್ಲಿ ತಾಯಿ ಮಗ ಇಬ್ಬರೇ. ಆ ಬಿಳಿ ಅಂಗಿಯವರು ಊರೊಳಗೆ ಬೇರೆ ಯಾರ ಮನೆಗಾದರೂ ಹೋದರಾ? ಇಲ್ಲ, ಸೀದಾ ಬಸ್ಸು ಹತ್ತಿದರು.

ಸುಧಾ ದಾಳಿಂಬೆ ಕೆಳಗಿಟ್ಟಳು.

"ರೀ, ಅವರು ನಿಮ್ಮನ್ನ ಹೆಣ್ಣಿನ ಕಡೆಯೋರು ಅಂದ್ಕಂಡವ್ರೆ. ಹೆಣ್ಣಿನ ಕಡೆಯೋರು ಬೆಂಚಿನ ಮ್ಯಾಲೆ ಕುಂತಿದ್ರು. ನೀವು ಅಲ್ಲೋಗಿ ಏನ್ ಹೇಳಿ ಬಂದ್ರಿ ಅಂತ ಗೊತ್ತೈತಾ?"

ಇದು ಊಹೆ, ಸಾಧನೆಯಲ್ಲ ಎಂದು ನಾನು ವಾದಿಸಿದೆ. ಈಗಲೇ ಹೋಗಿ ಗೌರಮ್ಮನವರಿಗೆ ಹೇಳಿ ಬನ್ನಿ ಎಂದು ಅವಳು ಎಷ್ಟು ಹೇಳಿದರೂ ಒಪ್ಪಲಿಲ್ಲ. ಭಾನುವಾರ ಇಡೀ ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ರಾತ್ರಿ ನನಗೂ ನಿದ್ದೆ ಬರಲಿಲ್ಲ. ಅದನ್ನು ಹೋಳಿಗೆಯ ಮೇಲೆ ಹಾಕಿದೆ.

ಸೋಮವಾರ ಹತ್ತನೇ ತರಗತಿಯವರನ್ನು ಸಾಲು ಮಾಡಿಸಿ, ಹೆಡ್ ಮೇಡಂ ಸಮೇತ ಆ ಮನೆಯ ಅಂಗಳಕ್ಕೆ ಹೋದೆ. ಗೌರಮ್ಮ ಬಾಗಿಲಲ್ಲಿ ನಿಂತಿದ್ದರು. ಮಕ್ಕಳು ನನ್ನನ್ನು ಸರ್ ಸರ್ ಎಂದು ಕರೆಯುವುದನ್ನು ಕೇಳಿ ಅವರ ಮುಖದಲ್ಲಿ ಏನೇನೋ ಆಯಿತು. ಕೊನೆಗೆ ಹೊಸಿಲು ದಾಟಿ ಹತ್ತಿರ ಬಂದರು.

"ದಿಟವಾಗ್ಲೂ ಮೇಷ್ಟ್ರೇನಾ ನೀವು?"

ಹೌದು ಅಂದೆ. ನಿನ್ನೆ ಸಂಬಂಧ ತಂದವರು ಫೋನು ಮಾಡಿದ್ದರಂತೆ. ಆ ಮನೆಯಲ್ಲಿ ಏನೋ ಮುಚ್ಚಿಡುತ್ತಾರೆ, ಹುಡುಗ ಸರಿಯಿಲ್ಲ ಎಂದು ಊರಿನವರೇ ಹೇಳಿದರು, ನಮಗೆ ಬೇಡ ಎಂದು ಹೆಣ್ಣಿನ ಕಡೆಯವರು ಕೈಬಿಟ್ಟಿದ್ದಾರೆ. ಗೌರಮ್ಮ ಇದನ್ನು ಜಗಳ ಮಾಡುವ ದನಿಯಲ್ಲಿ ಹೇಳಲಿಲ್ಲ. ಅದೇ ನನಗೆ ಕಷ್ಟವಾಗಿದ್ದು. ಊರೊಳಗೆ ನಮಗೆ ಆಗದವರು ಯಾರೂ ಇಲ್ಲ, ಯಾರು ಅಂದಿರಬಹುದು, ನೀವು ಯಾರ ಹತ್ತಿರನಾದರೂ ಮಾತಾಡಿದ್ರಾ ಎಂದು ಕೇಳಿದರು. ಹೆಡ್ ಮೇಡಂ ನನ್ನ ಕಡೆ ತಿರುಗಿದರು. ಇಡೀ ತರಗತಿ ನನ್ನ ಕಡೆ ತಿರುಗಿತು. ನನ್ನ ಬಾಯಿಂದ ಬಂದದ್ದು ಒಂದೇ ಅಕ್ಷರ: ಹೂಂ.

ಗೌರಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸೋಮಶೇಖರ ತೋಟದಿಂದ ಬಂದವನು ನಡುವೆ ನಿಂತ. "ಬಿಡವ್ವ, ಮಕ್ಳ ಮುಂದೆ ಬ್ಯಾಡ" ಎಂದ. ನನ್ನ ಕಡೆ ತಿರುಗಿ, ಮುಖ ನೋಡದೆ, "ಪಾಠ ಮಾಡ್ರಿ ಸರ್, ಬಿಸ್ಲೇರ್ತೈತೆ" ಎಂದ.

ಪಾಠ ಮಾಡಿದೆ. ಟೇಪಿನ ಇನ್ನೊಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದವನು ಅವನೇ. ಗಾಳಿಗೆ ನಟ್ಟು ತೂಗದ ಹಾಗೆ ಮಕ್ಕಳನ್ನು ಕೊಟ್ಟಿಗೆಯ ಮರೆಗೆ ನಿಲ್ಲಿಸಿದವನು ಅವನೇ. ಮಕ್ಕಳು ಗುಂಪು ಗುಂಪಾಗಿ ಕೋನ ಓದಿದರು, ತೊಂಬತ್ತರಿಂದ ಕಳೆದರು, ಗುಣಿಸಿದರು, ಕಣ್ಣಿನ ಎತ್ತರ ಕೂಡಿಸಿದರು. ಇಪ್ಪತ್ತಾರು ಅಡಿ ಬಂತು. ಸೋಮಶೇಖರ ಮಹಡಿ ಹತ್ತಿ ಮೇಲಿನಿಂದ ಟೇಪು ಇಳಿಬಿಟ್ಟ. ಒಂದು ಗೇಣಿನಷ್ಟೇ ವ್ಯತ್ಯಾಸ. ಮಕ್ಕಳು ಕುಣಿದಾಡಿದರು, ಹೆಡ್ ಮೇಡಂ ಕೂಡ ಚಪ್ಪಾಳೆ ತಟ್ಟಿದರು. ಅವನು ಇಳಿದು ಬಂದು ಎಲ್ಲರಿಗೂ ಕೊಡದಲ್ಲಿ ನೀರು ತಂದುಕೊಟ್ಟ. ನನಗೂ ಒಂದು ಲೋಟ ಕೊಟ್ಟ. ಅದನ್ನು ನಾನು ಹಿಂದೆ ತಿರುಗಿ ನಿಂತು ಕುಡಿದೆ. ನಾಚಿಕೆಯಾಯಿತು. ಬೇರೆ ಪದವಿಲ್ಲ ಅದಕ್ಕೆ.

ಆ ಸಂಜೆಯೇ ಸುಧಾ ಗೌರಮ್ಮನ ಮನೆಗೆ ಹೋಗಿ, ನನ್ನ ಪರವಾಗಿ ಬೈಸಿಕೊಂಡು, ಹೆಣ್ಣಿನವರ ವಿಳಾಸ ಇಸಕೊಂಡು ಬಂದಳು. ಮರುದಿನ ರಜೆ ಹಾಕಿ ಇಬ್ಬರೂ ಐಮಂಗಲದ ಬಸ್ಸು ಹತ್ತಿದೆವು. ನಾನೊಬ್ಬನೇ ಹೋಗುತ್ತೇನೆ ಅಂದದ್ದಕ್ಕೆ ಅವಳು, ಒಬ್ಬರನ್ನೇ ಕಳಿಸಿದರೆ ಅಲ್ಲೂ ಏನಾದರೂ ಅಳೆದು ಬರುತ್ತೀರಿ ಎಂದಳು. ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಿದಳು. ಒಳ್ಳೆಯ ಮನೆತನ, ದುಡಿಯುವ ಹುಡುಗ, ಮಾತಾಡಿದ್ದು ನನ್ನ ತಪ್ಪು. ಇಷ್ಟೇ ಹೇಳಿ ಬಾಯಿ ಮುಚ್ಚಬೇಕು.

ಹುಡುಗಿಯ ಮನೆಯಲ್ಲಿ ಬಾಗಿಲು ತೆಗೆದವರೇ ಆ ಬಿಳಿ ಅಂಗಿಯ ಹಿರಿಯರು. ರೂಪಾಳ ಸೋದರಮಾವ. ಒಳಗೆ ಕೂರಿಸಿದರು, ನೀರು ಕೊಟ್ಟರು, ಆದರೆ ನನ್ನನ್ನು ನೋಡುವ ನೋಟ ಹಾಲಿನವನನ್ನು ನಾನು ನೋಡುವ ನೋಟದ ಹಾಗೇ ಇತ್ತು. ನಾನು ಬಾಯಿಪಾಠ ಒಪ್ಪಿಸಿದೆ. ಅವರು ಕೊಡೆಯ ಹಿಡಿಯ ಮೇಲೆ ಕೈ ಊರಿ ಕೇಳಿಸಿಕೊಂಡರು.

"ಶನಿವಾರ ಒಂದ್ ಹೇಳಿದ್ರಿ, ಇವತ್ತು ಒಂದ್ ಹೇಳ್ತೀರಿ. ನಡುವೆ ಎಷ್ಟ್ ಚೀಲ ದಾಳಿಂಬೆ ಬಂತು?"

ಇದನ್ನು ಸುಧಾ ಬಾಯಿಪಾಠ ಮಾಡಿಸಿರಲಿಲ್ಲ. ನಾನು ಗಾಬರಿಯಾಗಿ ತೋಚಿದ್ದೆಲ್ಲ ಹೇಳಿದೆ. ಮನೆ ಗಟ್ಟಿಯಾಗಿದೆ, ನಿನ್ನೆ ಮಕ್ಕಳನ್ನು ಕರೆದುಕೊಂಡು ಹೋಗಿ ಅಳೆದೆ, ಇಪ್ಪತ್ತಾರು ಅಡಿ ಎತ್ತರ, ಅದರಲ್ಲಿ ಒಂದು ಗೇಣು ಆಚೀಚೆ ಆಗಬಹುದು ಎಂದೆ. ಮಿಕ್ಸಿ ಹೊಸದು ಎಂದೆ. ಹುಡುಗ ಐದೂವರೆ ಅಡಿ, ಅದರಲ್ಲಿ ಐದು ಅಡಿ ನನ್ನದು ಎಂದೆ. ಸೋದರಮಾವ ಹುಬ್ಬು ಏರಿಸಿದರು. ಸುಧಾ ಕಣ್ಣು ಮುಚ್ಚಿಕೊಂಡಳು. ನಾನು ಮೇಷ್ಟ್ರು ಎಂಬುದಕ್ಕೆ ಪುರಾವೆಯಾಗಿ ಚೀಲದಿಂದ ಕ್ಲೈನೋಮೀಟರ್ ತೆಗೆದು ಅವರ ಮನೆಯ ತೊಲೆಗೆ ಗುರಿಯಿಟ್ಟೆ. ಅಡುಗೆಮನೆಯಿಂದ ರೂಪಾಳ ತಾಯಿ ಇಣುಕಿ, ಇವರು ನಮ್ಮ ಮನೆ ಯಾಕೆ ಅಳೀತವ್ರೆ ಎಂದು ಮೆಲ್ಲಗೆ ಕೇಳಿದರು. ಸುಧಾ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ತನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು.

ಕೆಲಸ ಕೆಟ್ಟಿತು ಎಂದು ನಾನು ಎದ್ದು ನಿಂತೆ. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ರೂಪಾ, ನಿನ್ನೆ ಮಕ್ಕಳನ್ನು ಕರೆದುಕೊಂಡು ಹೋದಾಗ ಆ ಮನೆಯ ಮಗ ನಿಮಗೆ ಏನಂದರು ಎಂದು ಕೇಳಿದಳು. ಆಗ ನನಗೆ ಬಾಯಿಪಾಠವೂ ನೆನಪಿರಲಿಲ್ಲ, ಲೆಕ್ಕವೂ ನೆನಪಿರಲಿಲ್ಲ. ನಡೆದದ್ದು ಹೇಳಿದೆ. ಏನೂ ಅನ್ನಲಿಲ್ಲ, ಮಕ್ಕಳ ಮುಂದೆ ಬೇಡ ಎಂದು ತಾಯಿಯನ್ನು ತಡೆದ, ಟೇಪು ಹಿಡಿದ, ಮಕ್ಕಳಿಗೆಲ್ಲ ನೀರು ಕೊಟ್ಟ, ನನಗೂ ಕೊಟ್ಟ. ನಾನಾಗಿದ್ದರೆ ಕೊಡುತ್ತಿರಲಿಲ್ಲ ಎಂದೆ. ಸೋದರಮಾವ ಮಾತ್ರ, ಇದೂ ಹೇಳಿಕೊಟ್ಟು ಕಳಿಸಿದ್ದೇ ಇರಬೇಕು ಎಂಬಂತೆ ತಲೆ ಅಲ್ಲಾಡಿಸಿದರು.

"ಮಾಮ, ದುಡ್ಡು ಕೊಟ್ಟು ಹೊಗಳ್ಸೋರು ಹೊಗಳಾಕೆ ಗೊತ್ತಿರೋರನ್ನ ಕಳಿಸ್ತಾರೆ" ಅಂದಳು ರೂಪಾ. "ಇವರನ್ನ ಯಾರೂ ಕಳ್ಸಿಲ್ಲ. ನಾನೇ ಹೋಗಿ ನೋಡ್ಕಂಡ್ ಬರ್ತೀನಿ. ಕದ್ದಲ್ಲ, ಹೇಳೇ ಹೋಗ್ತೀನಿ."

ನನ್ನ ಇಡೀ ಸೇವಾವಧಿಯಲ್ಲಿ ಯಾರೂ ನನಗೆ ಇಷ್ಟು ನಿಖರವಾದ ಪ್ರಮಾಣಪತ್ರ ಕೊಟ್ಟಿಲ್ಲ. ಸುಧಾ ಬಸ್ಸಿನಲ್ಲಿ ಹೊಸದುರ್ಗದವರೆಗೂ ನಗುತ್ತಲೇ ಬಂದಳು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ. ಅವಮಾನವೂ ಆಗಿತ್ತು, ಎದೆಯ ಮೇಲಿನ ಕಲ್ಲು ಇಳಿದ ಹಾಗೂ ಆಗಿತ್ತು.

ರೂಪಾ ಆ ವಾರವೇ ತಾಯಿ ಮತ್ತು ಮಾವನನ್ನು ಕರೆದುಕೊಂಡು ಬಂದು ನೋಡಿದಳು. ಸೋಮಶೇಖರ ಅವಳ ಎದುರು ಹೂಂ ಬಿಟ್ಟು ಬೇರೆ ಮಾತೂ ಆಡಿದನಂತೆ. ಮದುವೆ ನಿಶ್ಚಯವಾಯಿತು. ಲಗ್ನಪತ್ರಿಕೆ ಕೊಡಲು ಗೌರಮ್ಮ ತಾವೇ ಶಾಲೆಗೆ ಬಂದರು. ಹೆಡ್ ಮೇಡಂ ಎದುರಿಗೇ, ಅರಿಶಿನ ಹಚ್ಚಿದ ಪತ್ರಿಕೆ ನನ್ನ ಕೈಯಲ್ಲಿಟ್ಟರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ.

"ಮೇಷ್ಟ್ರೇ, ಮನೆಯೋರ್ನ ಕರ್ಕಂಡ್ ಬರ್ರಿ, ಹೊಟ್ಟೆ ತುಂಬ ಉಣ್ರಿ. ಆದ್ರೆ ಬೀಗರ ಕಡೆಯೋರು ಏನಾದ್ರೂ ಕೇಳಿದ್ರೆ, ನಿಮ್ ದಮ್ಮಯ್ಯ, ಪಾಠ ಮಾತ್ರ ಹೇಳ್ರಿ."

ಮದುವೆಗೆ ಹೋದೆ. ಗೌರಮ್ಮನ ಮಾತನ್ನು ಅಕ್ಷರಶಃ ನಡೆಸಿದೆ. ಊಟದ ಪಂಕ್ತಿಯಲ್ಲಿ ಬೀಗರ ಕಡೆಯ ಒಬ್ಬರು ನನ್ನ ಪಕ್ಕ ಬಂದು ಕೂತು, ಗಂಡಿನ ಮನೆಯವರು ಹೇಗೆ ಎಂದು ವಿಚಾರಿಸಿದರು. ನಾನು ನೀರಿನ ಲೋಟ ಪಕ್ಕಕ್ಕಿಟ್ಟು, ಲಂಬಕೋನ ತ್ರಿಭುಜದಿಂದ ಶುರು ಮಾಡಿದೆ. ಉನ್ನತ ಕೋನ ಮುಗಿಸಿ ಅವನತ ಕೋನಕ್ಕೆ ಬರುವಷ್ಟರಲ್ಲಿ ಅವರು, ಮುಂದಿನ ಪಂಕ್ತಿಗೆ ಕೂರುತ್ತೇನೆ ಎಂದು ಎದ್ದು ಹೋದರು. ಆಮೇಲೆ ಊಟದ ಮನೆಯ ಆ ತುದಿಯಲ್ಲಿ ನಿಂತು, ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳುತ್ತಾ, ನನ್ನ ಕಡೆಯೇ ನೋಡುತ್ತಿದ್ದರು. ಅವರಿಗೆ ನನ್ನ ಮೇಲೆ ಏನೋ ಸಂಶಯ ಬಂದಿರಬೇಕು.